ಮಾತಾಡಿಸಿದಾಗ ನಿಲ್ಲದ ಫ್ಯಾನು

ಅಮ್ಮ ನೆಂಟರ ಮುಂದೆ ನನ್ನ ಮೊದಲ ಕೆಲಸದ ಬಗ್ಗೆ, ‘ಇವಳು ಊಟಿಯಲ್ಲಿ ಎಲೆ ಬಾಡಿಸ್ತಾಳೆ’ ಎನ್ನುತ್ತಿದ್ದಳು. ಕಂಪ್ಯೂಟರ್ ಕಲಿತ ಮಗಳ ಬಗ್ಗೆ ಹೀಗೆ ಹೇಳಿದರೆ ಕೇಳಿದವರು ಏನೆಂದುಕೊಳ್ಳಬೇಕು? ನಾನು ಸಿಟ್ಟಾಗುತ್ತಿದ್ದೆ. ಆದರೆ ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮ ಮನೆ ಗೂಡಲೂರಿನಲ್ಲಿ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಕಾಡು ದಾಟಿ ಬಂದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಟೈಲರ್ ಅಂಗಡಿ ಇಟ್ಟವರು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯವರೊಂದಿಗೆ ಮಲಯಾಳ. ಹೀಗೆ ಬೆಳೆದವಳಿಗೆ ಇನ್ನೊಂದು ಭಾಷೆ ಕಷ್ಟವಾಗುವುದಿಲ್ಲ ಎಂದು ಅಪ್ಪ ನನ್ನನ್ನು ಊಟಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದರು. ಅಲ್ಲಿ ಸಿ ಭಾಷೆ ಕಲಿತೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊಟಿಯಲ್ಲಿ ಅದನ್ನು ಕಲಿತವರಿಗೆ ಕೆಲಸ ಕೊಡುವವರು ಬಹಳ ಜನ ಇರಲಿಲ್ಲ. ನನಗೆ ಸಿಕ್ಕವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರು. ಒಂದು ಹಳೆಯ ಬಂಗಲೆಯ ಹಿಂದಿನ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದು, ಟೀ ಫ್ಯಾಕ್ಟರಿಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ನಾನು ಅವರನ್ನು ಸಾರ್ ಎನ್ನುತ್ತಿದ್ದೆ. ಪೆಟ್ಟಿಗೆ ಅವರದು, ಪ್ರೋಗ್ರಾಮು ನನ್ನದು. ಶೆಡ್ಡಿನಲ್ಲಿ ಮೂರನೆಯವರು ಯಾರೂ ಇರಲಿಲ್ಲ.

ಮಂಜೂರಿನ ಹತ್ತಿರ ಒಂದು ಸಣ್ಣ ಫ್ಯಾಕ್ಟರಿ ನಮಗೆ ಕೆಲಸ ಕೊಟ್ಟಿತು. ಸುತ್ತಲಿನ ಹಟ್ಟಿಗಳಲ್ಲಿ ಬೇಸಾಯ ಮಾಡುವ, ಈ ಬೆಟ್ಟಗಳದೇ ಜನರಾದ ಬಡಗರು ಕೊಯ್ದು ತಂದ ಹಸಿ ಎಲೆಯನ್ನು ಕೊಂಡು ಟೀ ಪುಡಿ ಮಾಡುವ ಜಾಗ. ಎಲೆಯನ್ನು ಯಂತ್ರಕ್ಕೆ ಹಾಕುವ ಮೊದಲು ಬಾಡಿಸಬೇಕು. ಅದಕ್ಕೆ ಮಹಡಿಯ ಮೇಲೆ ಉದ್ದುದ್ದ ತೊಟ್ಟಿಗಳಿರುತ್ತವೆ, ತಳಕ್ಕೆ ತಂತಿಯ ಜಾಲರಿ. ಅವುಗಳನ್ನು ಟ್ರಫ್ ಎನ್ನುತ್ತಾರೆ. ಎಲೆಯನ್ನು ಜಾಲರಿಯ ಮೇಲೆ ಹರಡಿ, ತುದಿಯ ಫ್ಯಾನಿನಿಂದ ಕೆಳಗೆ ಬೆಚ್ಚನೆಯ ಗಾಳಿ ಬಿಡುತ್ತಾರೆ. ಮಂಜು ಮುಸುಕಿ ಗಾಳಿ ತೇವವಾಗಿದ್ದರೆ ಫ್ಯಾನು ಓಡುತ್ತಲೇ ಇರಬೇಕು, ಇಲ್ಲದಿದ್ದರೆ ಎಲೆ ಬೆವೆತು ಕೆಡುತ್ತದೆ. ಬಿಸಿಲು ಬಂದು ಗಾಳಿ ಒಣಗಿದರೆ ಫ್ಯಾನನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಎಲೆ ಸೀದು ಗರಿಗರಿಯಾಗುತ್ತದೆ. ಯಾವಾಗ ಓಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅಲ್ಲಿಯವರೆಗೆ ಟೀ ಮೇಕರ್ ನೋಡಿಕೊಳ್ಳುತ್ತಿದ್ದರು. ಟೀ ಮೇಕರ್ ಎಂದರೆ ಫ್ಯಾಕ್ಟರಿಯ ಒಳಗಿನ ಕೆಲಸಕ್ಕೆಲ್ಲ ಮುಖ್ಯಸ್ಥ. ಇನ್ನು ಮುಂದೆ ಕಂಪ್ಯೂಟರ್ ನೋಡಿಕೊಳ್ಳಲಿ ಎಂದು ಮಾಲೀಕರಿಗೆ ಆಸೆ.

ಹಾಗಾಗಿ ನಾವು ಒಂದೊಂದು ಟ್ರಫ್ಫಿಗೂ ತೇವ ಅಳೆಯುವ ಪೆಟ್ಟಿಗೆ ಕೂರಿಸಿ, ಅಲ್ಲಿಂದ ತಂತಿ ಎಳೆದು ಕಂಪ್ಯೂಟರಿಗೆ ಜೋಡಿಸಿದೆವು. ಕಂಪ್ಯೂಟರನ್ನು ಗಾಜಿನ ಬಾಗಿಲಿನ ಮರದ ಬೀರುವಿನಲ್ಲಿಟ್ಟು, ಬೂಷ್ಟು ಹಿಡಿಯದಿರಲೆಂದು ಪಕ್ಕದಲ್ಲೇ ಒಂದು ಬಲ್ಬು ಸದಾ ಉರಿಯುವಂತೆ ಮಾಡಿದೆವು. ಪೆಟ್ಟಿಗೆ ತೇವದ ಅಂಕಿಯನ್ನು ಕಳಿಸುತ್ತದೆ, ನನ್ನ ಪ್ರೋಗ್ರಾಮು ಓದುತ್ತದೆ, ಫ್ಯಾನು ಓಡಬೇಕೋ ನಿಲ್ಲಬೇಕೋ ಹೇಳುತ್ತದೆ. ಒಮ್ಮೆ ನಿಂತ ಫ್ಯಾನನ್ನು ಕೂಡಲೇ ಹಚ್ಚಿದರೆ ಮೋಟಾರು ಸುಟ್ಟೀತೆಂದು ಕಾಲು ಗಂಟೆ ಬಿಡುವು ಕೊಡುವ ವ್ಯವಸ್ಥೆಯನ್ನೂ ಮಾಡಿದ್ದೆ. ಮೊದಮೊದಲು ಎಲ್ಲ ಚೆನ್ನಾಗಿ ನಡೆಯಿತು. ಮಾಲೀಕರು ಬಂದವರಿಗೆಲ್ಲ ಬೀರುವಿನ ಬಾಗಿಲು ತೆಗೆದು ತೋರಿಸುತ್ತಿದ್ದರು.

ಮಳೆ ಹಿಡಿದ ಮೇಲೆ ಫೋನ್ ಬಂತು. ಮೂರನೆಯ ಟ್ರಫ್ಫಿನ ಫ್ಯಾನು ತಾನಾಗಿ ನಿಂತುಬಿಡುತ್ತಿದೆ, ಎಲೆ ಹುಳಿ ವಾಸನೆ ಹೊಡೆಯುತ್ತಿದೆ. ಸುತ್ತ ಮಂಜು, ತೇವ ಎಂಬತ್ತರ ಮೇಲೆ. ಫ್ಯಾನು ನಿಲ್ಲುವುದಕ್ಕೆ ಕಾರಣವೇ ಇಲ್ಲ.

ಇತ್ತಲಾರಿನ ಮೇಲೆ ಮಂಜೂರಿಗೆ ಹೋಗುವ ಬಸ್ಸು ಹಿಡಿದು ಹೋದೆ. ಪರದೆಯ ಮೇಲೆ ಮೂರನೆಯ ಸಾಲು ನೋಡಿದರೆ ತೇವ ಎಂಬತ್ತನಾಲ್ಕು ಎಂದಿದೆ, ಅದರ ಪಕ್ಕದಲ್ಲೇ ‘ನಿಂತಿದೆ’ ಎಂದೂ ಇದೆ. ಹೀಗಿರಲು ಸಾಧ್ಯವೇ ಇಲ್ಲ. ಎಂಬತ್ತನಾಲ್ಕು ಇದ್ದರೆ ಓಡಬೇಕೆಂದು ನಾನೇ ಬರೆದಿದ್ದೇನೆ. ಪ್ರೋಗ್ರಾಮಿನ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಸಾರ್ ಬೇರೊಂದು ದಿನ ಬಂದು ಮೂರನೆಯ ಪೆಟ್ಟಿಗೆಯನ್ನು ಬಿಚ್ಚಿ ಪರೀಕ್ಷೆ ಮಾಡಿದರು. ಅದೂ ಸರಿಯಾದ ಅಂಕಿಯನ್ನೇ ಕಳಿಸುತ್ತಿತ್ತು.

‘ಪ್ರೋಗ್ರಾಮನ್ನ ಮಾತಾಡಿಸು’ ಎಂದರು ಸಾರ್. ‘ಎಲ್ಲೆಲ್ಲಿ ಏನು ಮಾಡ್ತಿದೀನಿ ಅಂತ ಅದೇ ಹೇಳಲಿ.’

ಹಾಗೆ ಮಾಡುವುದು ನನಗೆ ಗೊತ್ತಿತ್ತು. ಕ್ಲಾಸಿನಲ್ಲಿ ತಪ್ಪು ಸಿಗದಿದ್ದಾಗ ಅಲ್ಲಲ್ಲಿ ಒಂದೊಂದು ಸಾಲು ಸೇರಿಸಿ, ‘ಇಲ್ಲಿಗೆ ಬಂದೆ’, ‘ಇಲ್ಲಿಗೂ ಬಂದೆ’ ಎಂದು ಪರದೆಯ ಮೇಲೆ ಬರೆಸುತ್ತಿದ್ದೆವು. ತಪ್ಪು ಸಿಕ್ಕ ಮೇಲೆ ಆ ಸಾಲುಗಳನ್ನು ಅಳಿಸುತ್ತಿದ್ದೆವು. ಸಾರ್ ಅದಕ್ಕೆ ಒಪ್ಪಲಿಲ್ಲ. ಅಳಿಸುವಾಗ ಇನ್ನೇನನ್ನೋ ಅಳಿಸುತ್ತೀಯ, ಮತ್ತೆ ಬೇಕಾದಾಗ ಮತ್ತೆ ಬರೆಯುತ್ತೀಯ, ಒಂದೇ ಸಲ ಬರೆದು ಅದಕ್ಕೊಂದು ಸ್ವಿಚ್ ಇಡು ಎಂದರು. ಹಾಗೇ ಇಟ್ಟೆ. ಪ್ರೋಗ್ರಾಮು ಶುರು ಮಾಡುವಾಗ ಅದರ ಹೆಸರಿನ ಮುಂದೆ ಒಂದು ಅಂಕಿ ಹೊಡೆಯಬೇಕು. ಸೊನ್ನೆ ಹೊಡೆದರೆ ಅದು ಮೂಕ. ಒಂದು ಹೊಡೆದರೆ ತೀರ್ಮಾನಗಳನ್ನು ಮಾತ್ರ ಹೇಳುತ್ತದೆ. ಎರಡು ಹೊಡೆದರೆ ಅಂಕಿ ಬಂದದ್ದು, ಓದಿದ್ದು, ಯೋಚಿಸಿದ್ದು ಎಲ್ಲವನ್ನೂ ಒದರುತ್ತದೆ.

ಓದುವವಳು ನಾನೊಬ್ಬಳೇ ಎಂದುಕೊಂಡು ಆ ಮಾತುಗಳನ್ನು ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೆ. ‘ಬಂತು.’ ‘ಓದಿದೆ.’ ‘ಓಡಲಿ.’ ‘ನಿಲ್ಲಲಿ.’ ಇಂಗ್ಲಿಷ್ ಅಕ್ಷರಗಳಲ್ಲಿ ಓದಿದೆ ಎಂಬುದಕ್ಕೂ ಓಡಿದೆ ಎಂಬುದಕ್ಕೂ ವ್ಯತ್ಯಾಸವಿಲ್ಲ ಎಂಬುದು ಪರದೆಯ ಮೇಲೆ ಅದು ಮೂಡಿದ ಮೇಲೆಯೇ ನನಗೆ ಹೊಳೆದದ್ದು. ಟೀ ಮೇಕರ್ ನನ್ನ ಹಿಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

‘ಬಂತು. ಓಡಿದೆ. ಓಡಲಿ. ಯಾರಮ್ಮಾ ಓಡಿದ್ದು?’

‘ಓಡಿದ್ದಲ್ಲ ಅಣ್ಣಾ, ಓದಿದ್ದು. ಕಂಪ್ಯೂಟರ್ ಓದಿದ್ದು.’

‘ಮತ್ತೆ ಓದಲಿ ಅಂತಲೂ ಹೇಳ್ತದಲ್ಲ?’

‘ಅದು ಓಡಲಿ. ಫ್ಯಾನು ಓಡಲಿ ಅಂತ.’

ಅವರು ತಲೆಯಾಡಿಸಿದರು. ಆದರೆ ನನಗೇ ಆಮೇಲೆ ಪರದೆ ನೋಡುವಾಗ ಯಾವುದು ಓದಿದ್ದು, ಯಾವುದು ಓಡಿದ್ದು ಎಂದು ಅರೆಗಳಿಗೆ ಗೊಂದಲವಾಗುತ್ತಿತ್ತು.

ಅಂಕಿ ಎರಡು ಹೊಡೆದು ದಿನವಿಡೀ ಬೀರುವಿನ ಮುಂದೆ ಕುಳಿತೆ. ಬಂತು, ಓದಿದೆ, ಎಂಬತ್ತನಾಲ್ಕು, ಓಡಲಿ. ಪರದೆಯ ಮೇಲೆ ಸಾಲುಗಳು ಮೇಲಕ್ಕೆ ಜರುಗುತ್ತಲೇ ಇದ್ದವು. ಫ್ಯಾನು ಒಂದು ಸಲವೂ ನಿಲ್ಲಲಿಲ್ಲ. ಪರದೆ ತುಂಬ ಮಾತೇ ತುಂಬಿದರೆ ಟೀ ಮೇಕರಿಗೆ ನಾಲ್ಕು ಟ್ರಫ್ಫಿನ ಅಂಕಿ ಒಟ್ಟಿಗೆ ಕಾಣುವುದಿಲ್ಲ. ಅದಕ್ಕಾಗಿ ಸಂಜೆ ಸೊನ್ನೆ ಹೊಡೆದು ಊಟಿಗೆ ಹೊರಟೆ. ಮಾರನೆಯ ದಿನ ಫೋನ್ ಬಂತು. ಮತ್ತೆ ನಿಂತಿದೆ.

ಮತ್ತೆ ಹೋದೆ, ಮಾತಾಡಿಸಿದೆ, ನಿಲ್ಲಲಿಲ್ಲ. ಮೂಕ ಮಾಡಿ ಊಟಿಗೆ ಬಂದೆ, ನಿಂತಿತು. ಹೀಗೆಯೇ ಕೆಲವು ಸಲ ಆಯಿತು. ನಾನು ಬಸ್ಸಿನಿಂದ ಇಳಿಯುವುದನ್ನು ಕಂಡರೆ ಎಲೆ ತೂಕ ಮಾಡುವವರು, ‘ಡಾಕ್ಟರಮ್ಮ ಬಂದರು, ಇನ್ನು ಜ್ವರ ಇರೋದಿಲ್ಲ’ ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೂ ಆ ಸಾಲುಗಳೇ ಕಣ್ಣ ಮುಂದೆ. ಎಲ್ಲಿ ತಪ್ಪಿದೆ ಎಂದು ಹುಡುಕುವುದಕ್ಕೆ ಇಟ್ಟ ಮಾತುಗಳು ಎಲ್ಲವೂ ಸರಿಯಾಗಿದೆ ಎಂದೇ ಹೇಳುತ್ತಿದ್ದವು. ಹಾಗಾದರೆ ನಾನು ಹುಡುಕುತ್ತಿರುವುದೇನು? ಪ್ರೋಗ್ರಾಮನ್ನೋ, ವೈರನ್ನೋ, ವೋಲ್ಟೇಜನ್ನೋ? ವೋಲ್ಟೇಜೇ ಇರಬೇಕು ಎಂದು ಟೀ ಮೇಕರ್ ಹೇಳಿದರು. ಆದರೆ ವೋಲ್ಟೇಜಿಗೆ ನಾನು ಬಂದದ್ದು ಹೇಗೆ ಗೊತ್ತಾಗುತ್ತದೆ?

ಕೊನೆಗೆ ಮಾಲೀಕರೇ ಒಂದು ದಾರಿ ಹೇಳಿದರು. ಪರದೆ ತುಂಬಿದರೆ ತುಂಬಲಿ, ಒಂದು ವಾರ ಮಾತಾಡಿಸಿಯೇ ಬಿಡೋಣ. ಆ ವಾರ ಫ್ಯಾನು ನಿಲ್ಲಲಿಲ್ಲ. ವಾರದ ಕೊನೆಗೆ ನಾನು ಹೋದಾಗ ಮಾಲೀಕರು ಬಹಳ ಸಮಾಧಾನದಿಂದಿದ್ದರು. ನನ್ನನ್ನು ಕೂರಿಸಿ ಟೀ ತರಿಸಿದರು.

‘ನಿನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲಮ್ಮಾ. ಕಳ್ಳರು ಸಿಕ್ಕಿದರು.’

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮೂರನೆಯ ಟ್ರಫ್ಫಿನ ಪಕ್ಕದ ಕಂಬದಲ್ಲಿ ಫ್ಯಾನಿಗೆ ಕೈಯಿಂದ ಆರಿಸುವ ಸ್ವಿಚ್ಚೂ ಇತ್ತು. ಅಲ್ಲಿ ಎಲೆ ಹರಡುವ ಕೆಲಸ ಮೇಲಿನ ಹಟ್ಟಿಯ ಒಬ್ಬ ಹೆಂಗಸಿನದು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಬಿಸಿ ಗಾಳಿಯಿಂದ ತಲೆನೋವು ಬರುತ್ತದೆ ಎಂದು ಆ ಅಕ್ಕ ಹಿಂದೆ ಒಂದೆರಡು ಸಲ ದೂರಿದ್ದರಂತೆ. ಕಂಪ್ಯೂಟರ್ ಸುಮ್ಮನಿದ್ದಾಗ ಫ್ಯಾನು ನಿಲ್ಲುತ್ತಿತ್ತು. ಕಂಪ್ಯೂಟರ್ ಮಾತಾಡತೊಡಗಿದ ಮೇಲೆ, ಅದು ಎಲ್ಲವನ್ನೂ ನೋಡಿ ಬರೆಯುತ್ತಿದೆ ಎಂದು ಟೀ ಮೇಕರ್ ಕೆಲಸದವರಿಗೆಲ್ಲ ಹೇಳಿದ್ದರು. ಆಮೇಲೆ ನಿಂತಿಲ್ಲ. ಅಂದರೆ ಯಾರೋ ಹೆದರಿದ್ದಾರೆ. ಹೆದರಿದವರು ಯಾರು?

‘ಅವರು ಸ್ವಿಚ್ ಆರಿಸಿದ್ದನ್ನ ಯಾರಾದರೂ ನೋಡಿದ್ದಾರಾ?’ ಎಂದೆ.

‘ನೋಡೋದಕ್ಕೇ ಅಲ್ಲವಾ ನೀನು ಕಂಪ್ಯೂಟರಿಗೆ ಮಾತು ಕಲಿಸಿದ್ದು?’

‘ಅಣ್ಣಾ, ಅದು ಸ್ವಿಚ್ಚನ್ನ ನೋಡೋದಿಲ್ಲ. ತನ್ನ ಲೆಕ್ಕವನ್ನ ಮಾತ್ರ ಹೇಳ್ತದೆ. ಕೈಯಿಂದ ಆರಿಸಿದರೆ ಪರದೆ ಮೇಲೆ ನಿಂತಿದೆ ಅಂತ ಬರೋದೇ ಇಲ್ಲ.’

‘ಹಾಗಾದರೆ ಫ್ಯಾನು ಯಾಕೆ ನಿಲ್ತಿತ್ತು?’

‘ನನಗೆ ಗೊತ್ತಿಲ್ಲ.’

ಅವರು ನನ್ನನ್ನು ಕನಿಕರದಿಂದ ನೋಡಿದರು. ಗೊತ್ತಿಲ್ಲ ಎನ್ನುವವಳ ಮಾತಿಗಿಂತ ಗೊತ್ತಿದೆ ಎನ್ನುವ ತಮ್ಮ ಮಾತೇ ಅವರಿಗೆ ಗಟ್ಟಿಯಾಗಿ ಕಂಡಿರಬೇಕು. ಅಷ್ಟು ಹೊತ್ತಿಗಾಗಲೇ ಅಕ್ಕನಿಗೆ ಮಹಡಿಗೆ ಬರಬೇಡ ಎಂದು ಹೇಳಿಯಾಗಿತ್ತು. ಕೆಳಗೆ ಪುಡಿ ಜರಡಿ ಹಿಡಿಯುವ ಕಡೆ ಹೋಗು ಎಂದರಂತೆ. ಅವರು ಅಲ್ಲಿಗೂ ಹೋಗದೆ ಮನೆಗೆ ನಡೆದಿದ್ದರು.

ಆ ಸಂಜೆ ಮಂಜೂರಿನಲ್ಲಿ ಊಟಿ ಬಸ್ಸಿನ ಹತ್ತಿರ ಅಕ್ಕ ಕಾಯುತ್ತಿದ್ದರು. ಆ ಕಡೆಯ ಹೆಂಗಸರು ಹೊದೆಯುವ ಬಿಳಿ ಮುಂಡು ಹೊದ್ದು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ತರಕಾರಿ ಮೂಟೆಗಳ ಪಕ್ಕ ನಿಂತಿದ್ದರು. ನಾನು ಬೇರೆ ಕಡೆ ನೋಡುವ ಮೊದಲೇ ಎದುರಿಗೆ ಬಂದರು. ಅವರಾಡಿದ್ದು ಕನ್ನಡಕ್ಕೆ ಹತ್ತಿರದ ಬಡಗ ಮಾತು. ನನಗದು ಮುಕ್ಕಾಲು ತಿಳಿಯುತ್ತಿತ್ತು. ನೆನಪಿನಲ್ಲಿ ಉಳಿದಿರುವುದು ನನ್ನ ಕನ್ನಡವೂ ಸೇರಿಕೊಂಡ ಮಾತು.

‘ನಿನ್ನ ಪೆಟ್ಟಿಗೆ ಎನ್ನ ಹೆಸರ ಹೇಳಿತಾ?’

‘ಇಲ್ಲಕ್ಕಾ. ಅದಕ್ಕೆ ಯಾರ ಹೆಸರೂ ಗೊತ್ತಿಲ್ಲ.’

‘ಗೊತ್ತಿಲ್ಲೆ ಅಂದರೆ ಎನ್ನ ಯಾಕೆ ಇಳಿಸಿದರು?’

‘ನೀವು ಆರಿಸಿದಿರಿ ಅಂತ ನಾನು ಹೇಳಲಿಲ್ಲ.’

‘ಆರಿಸಲಿಲ್ಲೆ ಅಂತ ಹೇಳಿದೆಯಾ?’

ಬಸ್ಸು ಹಾರನ್ ಹೊಡೆಯಿತು. ಅವರು ಆರಿಸಲಿಲ್ಲ ಎಂದು ಹೇಳಬೇಕೆಂದರೆ ಆರಿಸಿದ್ದು ಯಾರು ಎಂದು ನನಗೆ ಗೊತ್ತಿರಬೇಕಲ್ಲ? ಪರದೆಯ ಮೇಲೆ ‘ನಿಂತಿದೆ’ ಎಂದು ಬಂದದ್ದನ್ನು ನನ್ನ ಕಣ್ಣಿನಿಂದ ಕಂಡಿದ್ದೆ. ಅದೇ ಕಣ್ಣಿನಿಂದ ಒಂದು ವಾರದ ‘ಓಡಲಿ’ಯನ್ನೂ ಕಂಡಿದ್ದೆ. ಎರಡನ್ನೂ ಒಟ್ಟಿಗೆ ನಂಬುವುದು ಹೇಗೆ ಎಂದು ತಿಳಿಯಲಿಲ್ಲ. ‘ಇನ್ನೊಂದು ಸಲ ನೋಡ್ತೀನಿ ಅಕ್ಕಾ’ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಕಿಟಕಿಯ ಗಾಜು ಮಂಜಿನಿಂದ ಬೆಳ್ಳಗಾಗಿತ್ತು. ಅವರು ಅಲ್ಲೇ ನಿಂತಿದ್ದರೋ ಹೋದರೋ ಕಾಣಲಿಲ್ಲ.

ಭಾನುವಾರ ಗೂಡಲೂರಿಗೆ ಹೋದೆ. ಅನ್ನ ಬಡಿಸುತ್ತಿದ್ದ ಅಮ್ಮ, ಎಲೆ ಸರಿಯಾಗಿ ಬಾಡ್ತಾ ಇಲ್ಲವಾ ಎಂದು ಕೇಳಿದಳು. ಎಲೆಯ ಕಥೆಯನ್ನೆಲ್ಲ ಹೇಳಿದೆ. ಅವಳು ಕೇಳಿ, ‘ಆ ಹೆಂಗಸಿಗೆ ಈಗ ಕೆಲಸ?’ ಎಂದಳು. ಇಲ್ಲ ಎಂದೆ. ‘ಹಾಗಾದರೆ ನೀನ್ಯಾಕೆ ಇಲ್ಲಿಗೆ ಬಂದೆ?’ ಎಂದು ಸಾರು ಹಾಕಿದಳು. ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಘಟ್ಟ ಹತ್ತಿದೆ.

ಆ ದಿನ ಮಾಲೀಕರು ಕೂನೂರಿಗೆ ಹೋಗಿದ್ದರು. ನಾನು ಟೀ ಮೇಕರ್ ಹತ್ತಿರ ಒಂದು ಕೆಲಸ ಕೇಳಿಕೊಂಡೆ. ಮೂರನೆಯ ಟ್ರಫ್ಫಿನ ಸುತ್ತ ಯಾರೂ ಬರದಂತೆ ನೋಡಿಕೊಳ್ಳಬೇಕು, ಅವರೂ ನಾನೂ ಇಬ್ಬರೇ ಅಲ್ಲಿ ಕೂತು ಫ್ಯಾನನ್ನು ನೋಡಬೇಕು. ಅವರಿಗೆ ಇಷ್ಟವಿರಲಿಲ್ಲ. ಅಕ್ಕ ಅವರದೇ ಹಟ್ಟಿಯವರು, ದೂರದ ನೆಂಟರು. ಹೋಗಿಬಂದು ಮುಖ ನೋಡಬೇಕಾದವರು. ಆ ವಿಷಯ ಮತ್ತೆ ಕೆದಕುವುದು ಅವರಿಗೆ ಬೇಡವಾಗಿತ್ತು. ಆದರೂ ಬಂದು ಕೂತರು. ನಾನು ಸೊನ್ನೆ ಹೊಡೆದು ಪ್ರೋಗ್ರಾಮನ್ನು ಮೂಕ ಮಾಡಿದೆ.

ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಊಟದ ಗಂಟೆ ಹೊಡೆದು ಮಹಡಿ ಖಾಲಿಯಾಯಿತು. ತೆರೆದ ಕಿಟಕಿಯಿಂದ ಮಂಜು ಒಳಗೆ ಬಂದು ಎಲೆಯ ಮೇಲೆ ತೇಲುತ್ತಿತ್ತು. ಟೀ ಮೇಕರ್ ಕೊಳೆರೋಗ ಬಂದ ಆಲೂಗೆಡ್ಡೆಯ ವಿಷಯ ಏನೋ ಹೇಳುತ್ತಿದ್ದರು. ಮಾತಿನ ನಡುವೆ ಫ್ಯಾನಿನ ಸದ್ದು ಇಳಿಯತೊಡಗಿತು. ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಂಡವು. ನಿಂತಿತು.

ಇಬ್ಬರೂ ಕಂಬದ ಕಡೆ ನೋಡಿದೆವು. ಅಲ್ಲಿ ಯಾರೂ ಇಲ್ಲ. ಟೀ ಮೇಕರ್ ಎದ್ದು ಹೋಗಿ ಕೈ ಸ್ವಿಚ್ಚನ್ನು ಮುಟ್ಟಿ ನೋಡಿದರು. ಅದು ಹಚ್ಚಿಯೇ ಇತ್ತು.

‘ಈಗ ಆರಿಸಿದ್ದು ಯಾರು?’ ಎಂದು ಅಲ್ಲಿಂದಲೇ ಮೆಲ್ಲಗೆ ಕೇಳಿದರು.

ನಾನು ಓಡಿಹೋಗಿ ಪರದೆ ನೋಡಿದೆ. ಎಂಬತ್ತಾರು. ನಿಂತಿದೆ.

ಅಕ್ಕ ಅಲ್ಲ ಎಂಬುದು ಖಾತ್ರಿಯಾಯಿತು. ಆದರೆ ಗೊಂದಲ ಇನ್ನಷ್ಟು ಹೆಚ್ಚಿತು. ಸಂಜೆ ಮಾಲೀಕರು ಬಂದಾಗ ಟೀ ಮೇಕರ್ ತಾವು ಕಂಡದ್ದನ್ನು ಹೇಳಿದರು. ಮಾಲೀಕರಿಗೆ ತಾವೂ ನೋಡಬೇಕು ಎಂದಾಯಿತು. ನಾನು ಅವರಿಗೆ ಚೆನ್ನಾಗಿ ತೋರಿಸೋಣ ಎಂದು ಎರಡು ಹೊಡೆದು ಮಾತಾಡಿಸಿದೆ. ಫ್ಯಾನು ಸೊಗಸಾಗಿ ಓಡಿತು. ಅವರು ಕಾದರು, ಕಾಲು ಬದಲಿಸಿದರು, ನಮ್ಮಿಬ್ಬರ ಮುಖ ನೋಡಿದರು, ಹೋದರು. ಅವರ ಬೆನ್ನು ಕಂಡ ಮೇಲೆ ನನಗೆ ಹೊಳೆಯಿತು. ಫ್ಯಾನು ಸರಿಯಾಗುವುದು ನಾನು ಬರುವುದರಿಂದಲ್ಲ. ಮಧ್ಯಾಹ್ನ ನಾನು ಅಲ್ಲೇ ಇದ್ದೆ, ಆದರೂ ನಿಂತಿತು. ಮಾತಾಡಿಸಿದರೆ ಮಾತ್ರ ಅದು ಸರಿಯಾಗುತ್ತದೆ.

ಊಟಿಯ ಶೆಡ್ಡಿನಲ್ಲಿ ಇದನ್ನು ಹೇಳಿದಾಗ ಸಾರ್ ಬೆಸುಗೆ ಹಾಕುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟರು.

‘ಮಾತಿನಿಂದ ಸರಿಯಾಗುತ್ತೋ, ಮಾತಾಡೋಕೆ ಹಿಡಿಯೋ ಹೊತ್ತಿನಿಂದ ಸರಿಯಾಗುತ್ತೋ?’

‘ಗೊತ್ತಿಲ್ಲ ಸಾರ್.’

‘ಮಾತು ತೆಗಿ. ಆ ಜಾಗದಲ್ಲಿ ಪ್ರೋಗ್ರಾಮು ಸುಮ್ಮನೆ ಕಾಯಲಿ. ಮಾತಿಗೆ ಎಷ್ಟು ಹಿಡಿಯುತ್ತೋ ಅಷ್ಟು ಹೊತ್ತು ಮಾತ್ರ.’

ಹಾಗೆ ಬರೆದುಕೊಂಡು ಹೋಗಿ ಓಡಿಸಿದೆ. ಪರದೆಯ ಮೇಲೆ ಒಂದು ಮಾತೂ ಬರಲಿಲ್ಲ. ಫ್ಯಾನು ಆ ದಿನ ನಿಲ್ಲಲಿಲ್ಲ, ಮಾರನೆಯ ದಿನವೂ ನಿಲ್ಲಲಿಲ್ಲ. ಕಾಯುವುದನ್ನು ತೆಗೆದೆ, ನಿಂತಿತು. ಅಂದರೆ ಫ್ಯಾನನ್ನು ಓಡಿಸುತ್ತಿದ್ದದ್ದು ನನ್ನ ಮಾತಲ್ಲ, ಅದನ್ನು ಬರೆಯುವಾಗ ಪ್ರೋಗ್ರಾಮಿಗೆ ಆಗುತ್ತಿದ್ದ ತಡ. ನಿಧಾನವಾದರೆ ಸರಿ, ಬೇಗವಾದರೆ ತಪ್ಪು. ಬೇಗ ಕೆಲಸ ಮಾಡುವ ಪ್ರೋಗ್ರಾಮೇ ಒಳ್ಳೆಯದು ಎಂದು ಕ್ಲಾಸಿನಲ್ಲಿ ಕಲಿತು ಬಂದವಳಿಗೆ ಇದು ತಲೆಕೆಳಗಾಗಿ ಕಂಡಿತು.

ಇನ್ನು ನಿಧಾನ ಮಾಡದೆ ಒಳಗೆ ನೋಡುವ ದಾರಿ ಬೇಕಿತ್ತು. ಪರದೆಯ ಮೇಲೆ ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಓದಿದ ಅಂಕಿಯನ್ನು ಕಂಪ್ಯೂಟರಿನ ನೆನಪಿನಲ್ಲಿ ಒಂದರ ಪಕ್ಕ ಒಂದು ಇಟ್ಟುಕೊಳ್ಳುವುದಕ್ಕೆ ಹೆಚ್ಚುಕಡಿಮೆ ಏನೂ ಹಿಡಿಯುವುದಿಲ್ಲ. ಹಾಗಾಗಿ ಸ್ವಿಚ್ಚಿಗೆ ಇನ್ನೊಂದು ಅಂಕಿ ಸೇರಿಸಿದೆ. ಮೂರು ಹೊಡೆದರೆ ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತದೆ, ಫ್ಯಾನು ನಿಂತ ಮೇಲೆ ಮಾತ್ರ ಬಾಯಿ ಬಿಡುತ್ತದೆ.

ಆ ದಿನ ಸಾರ್ ಕೂಡ ಮಂಜೂರಿಗೆ ಬಂದಿದ್ದರು. ಬೀರುವಿನ ಮುಂದೆ ಸಾರ್, ನಾನು, ಟೀ ಮೇಕರ್, ಮಾಲೀಕರು ನಾಲ್ವರೂ ನಿಂತಿದ್ದೆವು. ಮಾಲೀಕರ ಮುಖದಲ್ಲಿ ಇದೇ ಕೊನೆಯ ಸಲ ಎಂಬ ಭಾವ. ಅವರ ಎದುರಿಗೇ ಫ್ಯಾನು ನಿಂತಿತು. ಪರದೆಯ ಮೇಲೆ ಅಂಕಿಗಳು ಒಮ್ಮೆಗೇ ಸುರಿದವು. ಎಂಬತ್ತನಾಲ್ಕು, ಎಂಬತ್ತನಾಲ್ಕು, ಎಂಬತ್ತಮೂರು, ಎಂಟು, ಮೂರು, ಎಂಬತ್ತನಾಲ್ಕು.

‘ಎಂಟಾ?’ ಎಂದರು ಮಾಲೀಕರು. ‘ಇಷ್ಟು ಮಂಜಲ್ಲಿ ತೇವ ಎಂಟು ಎಲ್ಲಿಂದ ಬಂತು?’

ಸಾರ್ ನನ್ನ ಕಡೆ ನೋಡಿದರು. ಆ ಎಂಟನ್ನೂ ಪಕ್ಕದ ಮೂರನ್ನೂ ನಾನು ಒಂದಷ್ಟು ಹೊತ್ತು ನೋಡಿದೆ. ಎಂಬತ್ತಮೂರು ಎರಡು ತುಂಡಾಗಿತ್ತು.

ಪೆಟ್ಟಿಗೆ ಅಂಕಿಯನ್ನು ಒಟ್ಟಾಗಿ ಕಳಿಸುವುದಿಲ್ಲ. ಮೊದಲು ಎಂಟು, ಆಮೇಲೆ ಮೂರು, ಕೊನೆಗೆ ಮುಗಿಯಿತು ಎಂಬ ಒಂದು ಗುರುತು. ಮೂರನೆಯ ಟ್ರಫ್ಫಿನ ಪೆಟ್ಟಿಗೆಯ ಸಾಮಾನು ಮಾತ್ರ ಬೇರೆ ಸಲ ತರಿಸಿದ್ದು, ಅದು ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಚೂರು ಹೆಚ್ಚು ತಡೆಯುತ್ತಿತ್ತು. ನನ್ನ ಪ್ರೋಗ್ರಾಮಿಗೆ ಕಾಯುವ ತಾಳ್ಮೆ ಇರಲಿಲ್ಲ. ಎಂಟು ಬಂದ ಕೂಡಲೇ, ಹಿಂದೆ ಇನ್ನೇನೂ ಕಾಣದಿದ್ದರೆ, ತೇವ ಎಂಟು ಎಂದು ಓದಿಬಿಡುತ್ತಿತ್ತು. ಎಂಟು ಎಂದರೆ ಗಾಳಿ ಮರುಭೂಮಿಯಷ್ಟು ಒಣಗಿದೆ, ಫ್ಯಾನು ನಿಲ್ಲಲಿ. ಮರುಕ್ಷಣ ಸರಿಯಾದ ಅಂಕಿ ಬಂದು ಪರದೆಯ ಮೇಲೆ ಕೂರುತ್ತಿತ್ತು. ಅಷ್ಟರಲ್ಲಿ ಮೋಟಾರಿನ ಕಾಲು ಗಂಟೆ ಬಿಡುವು ಶುರುವಾಗಿರುತ್ತಿತ್ತು. ಬಿಸಿಲಿನ ದಿನಗಳಲ್ಲಿ ಹೀಗೆ ನಿಂತರೂ ಎಲೆ ಕೆಡದ ಕಾರಣ ಯಾರೂ ಗಮನಿಸಿರಲಿಲ್ಲ. ಮಾತಾಡಿಸಿದಾಗ ಅದು ಮೊದಲು ‘ಬಂತು’ ಎಂದು ಬರೆಯಬೇಕಲ್ಲ, ಬರೆಯುವಷ್ಟರಲ್ಲಿ ಎರಡನೆಯ ಅಂಕಿಯೂ ಬಂದು ಸೇರುತ್ತಿತ್ತು.

ಇದನ್ನು ಮಾಲೀಕರಿಗೆ ಹೇಳುವುದು ನನ್ನ ಪಾಲಿಗೆ ಬಂತು. ತಪ್ಪು ಪ್ರೋಗ್ರಾಮಿನದು, ಮುಗಿಯಿತು ಎಂಬ ಗುರುತು ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ, ಇವತ್ತೇ ಸರಿ ಮಾಡುತ್ತೇನೆ ಎಂದೆ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

‘ವಾರವೆಲ್ಲ ಅಷ್ಟು ಮಾತಾಡಿತಲ್ಲ, ಇದನ್ನ ಮಾತ್ರ ಯಾಕೆ ಹೇಳಲಿಲ್ಲ?’

ಆ ಪ್ರಶ್ನೆ ಮುಗಿಯುವ ಮೊದಲೇ ಟೀ ಮೇಕರ್ ಮೆಟ್ಟಿಲಿಳಿದು ಹೋದರು.

ಸರಿ ಮಾಡುವುದಕ್ಕೆ ಬೇಕಾದದ್ದು ಎರಡು ಸಾಲು. ಆ ಸಂಜೆಯಿಂದ ಫ್ಯಾನು ಸೊನ್ನೆ ಹೊಡೆದರೂ ಓಡಿತು. ಸಾರ್ ಬಸ್ಸಿಗೆ ಹೋದರು. ನಾನು ಮೇಲಿನ ಹಟ್ಟಿಯ ದಾರಿ ಹಿಡಿದೆ.

ಅಕ್ಕನ ಮನೆ ಹಟ್ಟಿಯ ಸಾಲಿನ ಕೊನೆಯದು. ಅಂಗಳದಲ್ಲಿ ಬಟಾಣಿ ಸುಲಿಯುತ್ತಿದ್ದರು. ಟೀ ಮೇಕರ್ ನನಗಿಂತ ಮೊದಲೇ ಬಂದು ಹೋಗಿದ್ದರಂತೆ. ತಪ್ಪಾಯಿತು ಎಂದು ಹೇಳಲು ಬಂದವರು ಆಲೂಗೆಡ್ಡೆಯ ರೋಗದ ವಿಷಯ ಮಾತಾಡಿ, ಟೀ ಕುಡಿದು ಎದ್ದು ಹೋದರಂತೆ. ಅಕ್ಕ ಇದನ್ನು ಹೇಳುವಾಗ ತುಟಿಯ ತುದಿಯಲ್ಲಿ ನಗು ಇತ್ತು. ಆಮೇಲೆ ನನ್ನನ್ನು ಕೇಳಿದರು.

‘ಏನ ಆತು? ನೀ ಹೇಳು.’

ನಾನು ಒಂದು ಹಿಡಿ ಬಟಾಣಿ ತೆಗೆದುಕೊಂಡು ಹೇಳತೊಡಗಿದೆ. ಈ ಕಾಳು ಎಂಟು, ಇದು ಮೂರು. ಎರಡೂ ಒಂದರ ಹಿಂದೆ ಒಂದು ಬರಬೇಕು. ಎರಡನೆಯದು ಬರುವ ಮೊದಲೇ ಕಂಪ್ಯೂಟರ್ ಓದಿಬಿಟ್ಟಿತು.

‘ಅರೆ ಕೇಳಿ ಎದ್ದು ಹೋದಂಗೆ.’

‘ಹೌದಕ್ಕಾ, ಹಾಗೇ.’

‘ನೀ ಮಾತಾಡಿಸಿದರೆ ಪೂರ ಕೇಳುತ್ತಿತ್ತು?’

‘ಹೌದು. ಆದರೆ ನಾನು ಮಾತಾಡಿಸಿದೆ ಅಂತ ಅಲ್ಲ. ಅದು ಮಾತಾಡೋದಕ್ಕೆ ಹೊತ್ತು ಹಿಡೀತಿತ್ತು. ಆ ಹೊತ್ತಲ್ಲಿ...’

‘ಅದು ಮಾತಾಡುವಾಗ ಕೇಳಿತಾ, ಸುಮ್ಮನಿರುವಾಗ ಕೇಳಲಿಲ್ಲೆಯಾ?’

ಹಾಗಲ್ಲ ಎನ್ನಬೇಕೆಂದಿದ್ದೆ. ಆದರೆ ಅವರು ಹೇಳಿದ್ದು ತಪ್ಪು ಎನ್ನುವುದಕ್ಕೂ ಆಗಲಿಲ್ಲ. ಬೆಳಿಗ್ಗೆ ಅಷ್ಟು ಸ್ಪಷ್ಟವಾಗಿದ್ದದ್ದು ಆ ಅಂಗಳದಲ್ಲಿ ಮತ್ತೆ ಕಲಸಿಹೋಯಿತು. ಅವರು ನನ್ನ ಕೈಯಿಂದ ಬಟಾಣಿ ತೆಗೆದುಕೊಂಡು ಮೊರಕ್ಕೆ ಹಾಕಿದರು. ‘ಹೋಗಲಿ ಬಿಡು, ಟೀ ಕುಡಿ’ ಎಂದರು.

ಮಾಲೀಕರು ಅವರಿಗೆ ಬಾ ಎಂದು ಹೇಳಿ ಕಳಿಸಿದರು. ಅವರು ಹೋಗಲಿಲ್ಲ. ಎರಡನೆಯ ಸಲ ಹೇಳಿ ಕಳಿಸಿದಾಗಲೂ ಹೋಗಲಿಲ್ಲ. ಯಾರೂ ತನ್ನ ಮೇಲೆ ಬಾಯಿಬಿಟ್ಟು ಕಳ್ಳತನ ಹೊರಿಸದೆ ಇದ್ದಿದ್ದರೆ ಬರುತ್ತಿದ್ದೆ, ಈಗ ಹೊರಿಸಿದವರೇ ಬಂದು ಕರೆಯಲಿ ಎಂದರಂತೆ. ಮಾಲೀಕರು ಎಲೆ ಕೊಳ್ಳುವ ನೆಪ ಮಾಡಿಕೊಂಡು ಜೀಪಿನಲ್ಲಿ ಹಟ್ಟಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಟೀ ಮೇಕರ್ ಹೇಳಿದ್ದು ಒಂದು ಬಗೆ, ಆ ದಿನ ಜೀಪಿನಲ್ಲಿದ್ದ ಡ್ರೈವರು ಹೇಳಿದ್ದು ಇನ್ನೊಂದು ಬಗೆ.

ನಾನು ಮುಂದಿನ ತಿಂಗಳು ಪೆಟ್ಟಿಗೆಗಳ ಧೂಳು ತೆಗೆಯಲು ಹೋದಾಗ ಅಕ್ಕ ಮೂರನೆಯ ಟ್ರಫ್ಫಿನ ಪಕ್ಕದಲ್ಲಿ ಎಲೆ ಹರಡುತ್ತಿದ್ದರು. ಕಂಪ್ಯೂಟರಿನ ಬೀರು ಮಾತ್ರ ತನ್ನ ಜಾಗದಲ್ಲಿರಲಿಲ್ಲ. ಅದು ಏನು ಹೇಳುತ್ತದೋ ತನಗೂ ಕಾಣಬೇಕು, ಪರದೆ ತನ್ನ ಕಡೆ ಮುಖ ಮಾಡಿರಬೇಕು ಎಂದು ಅಕ್ಕ ಷರತ್ತು ಹಾಕಿದ್ದರಂತೆ. ಅದಕ್ಕಾಗಿ ಇಬ್ಬರು ಸೇರಿ ಬೀರುವನ್ನು ಎಳೆದು ಕಂಬದ ಈ ಬದಿಗೆ ತಂದಿದ್ದರು. ಅಕ್ಕನಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ನಾನು ಸ್ಟೂಲು ಎಳೆದು ಕೂತಾಗ ನನ್ನ ಹಿಂದೆ ಬಂದು ನಿಂತರು.

‘ಮಾತಾಡಿಸು, ನೋಡೋಣ’ ಎಂದರು.

ಅಗತ್ಯವೇನೂ ಇರಲಿಲ್ಲ. ಆದರೂ ಎರಡು ಹೊಡೆದೆ. ಸಾಲುಗಳು ಮೇಲಕ್ಕೆ ಜರುಗತೊಡಗಿದವು. ಅಕ್ಕ ಕೈಯ ಎಲೆಯನ್ನು ಕೊಡವಿಕೊಂಡು, ತಾವೇ ಸಾಕು ಎನ್ನುವವರೆಗೂ ನೋಡುತ್ತ ನಿಂತರು.